ಗಣಪತಿ ರಸಮಂಜರಿಯಲ್ಲಿ ಮೊದಲ ಸಲ ಗಿಟಾರ್ ನುಡಿಸಬೇಕು. ಹೊಸ ಗಿಟಾರ್ ತಗೊಳ್ಳಲಾ, ಇಲ್ಲಾ ಇನ್ನೊಂದು ವರ್ಷ ಕಲಿತು ಮುಂದಿನ ಸಲ ನುಡಿಸಲಾ?

ಕೈಯಲ್ಲಿರೋದು ಎಂಟು ಸಾವಿರದ ಗಿಟಾರ್, ಕಲಿತಿದ್ದು ಎರಡು ವರ್ಷ ಮೊಬೈಲ್ ನೋಡಿ, ಕಾರ್ಯಕ್ರಮಕ್ಕೆ ಇನ್ನು ಹನ್ನೆರಡು ದಿನ. ನಿಮ್ಮ ಪ್ರಶ್ನೆಯಲ್ಲಿ ಇಷ್ಟು ಓದಿದ ಕೂಡಲೇ ನನಗೆ 2016ರ ಸೆಪ್ಟೆಂಬರ್ ನೆನಪಾಯಿತು. ವಿಜಯಪುರ, ನಮ್ಮ ಓಣಿ, ಗಣಪತಿ ಕೂರಿಸಿದ ನಾಲ್ಕನೇ ರಾತ್ರಿ. ಮರುದಿನ ಗಣಪತಿ ಕಳಿಸೋದು.

ನನ್ನ ತಲೆಯಲ್ಲೂ ಆಗ ಇದೇ ಓಡುತ್ತಿತ್ತು. ಹೊಸ ಗಿಟಾರಿಗೆ ದುಡ್ಡಿರಲಿಲ್ಲ. ಹೊಸ ತಂತಿಯಾದರೂ ಇರಲಿ ಅಂತ ಸೊಲ್ಲಾಪುರಕ್ಕೆ ಹೋಗಿದ್ದ ಗೆಳೆಯನ ಕೈಲಿ ಒಂದು ಸೆಟ್ ತರಿಸಿದೆ. ಅದು ನನ್ನ ಕೈಗೆ ಬಂದಿದ್ದು ಕಾರ್ಯಕ್ರಮದ ದಿನ ಮಧ್ಯಾಹ್ನ. ಸಂಜೆ ನಾಲ್ಕಕ್ಕೆ ಕೂತು ಹಳೆಯ ಆರೂ ತಂತಿ ಬಿಚ್ಚಿ ಹೊಸವನ್ನು ಹಾಕಿದೆ. ಹೊಸ ತಂತಿಯ ದನಿ ನಿಮಗೂ ಗೊತ್ತಲ್ವಾ, ಗುಡಿಯ ಗಂಟೆ ಹಾಗೆ ಖಣಖಣ ಅನ್ನುತ್ತೆ. ಒಳಗಿಂದ ಅವ್ವ ಬಂದು, "ಇವತ್ತ ಭಾಳ ಚಂದ ಕೇಳಸ್ಲಿಕತ್ತದ ನೋಡು" ಅಂದರು. ನನಗೆ ಅಷ್ಟು ಸಾಕಾಯಿತು.

ರಾತ್ರಿ ಎಂಟೂವರೆಗೆ ಶುರು. ಕೀಬೋರ್ಡ್, ಢೋಲಕ್, ಪ್ಯಾಡ್, ಇಬ್ಬರು ಹಾಡುವವರು, ನಾನು. ಜೊತೆಗೆ ಒಬ್ಬ ಬ್ಯಾಂಜೋ ಕಾಕಾ. ನಮ್ಮ ಕಡೆ ಬ್ಯಾಂಜೋ ಅಂದರೆ ಗುಂಡಗಿನ ವಿದೇಶಿ ವಾದ್ಯ ಅಲ್ಲ. ಟೈಪ್‌ರೈಟರ್ ಥರ ಗುಂಡಿ ಇರುವ ಉದ್ದನೆಯ ಪೆಟ್ಟಿಗೆ, ಬುಲ್‌ಬುಲ್ ತರಂಗ್ ಅಂತಾರಲ್ಲ, ಅದು. ಮದುವೆ ಮೆರವಣಿಗೆಯಲ್ಲಿ ನೀವು ಖಂಡಿತ ಕೇಳಿರುತ್ತೀರಿ.

ಮೊದಲ ಹಾಡು ಚೆನ್ನಾಗೇ ಹೋಯಿತು. ಎರಡನೇ ಹಾಡಿನ ಅರ್ಧಕ್ಕೆ ಕೆಳಗಿನ ಎರಡು ಸಣ್ಣ ತಂತಿ ಇಳಿಯೋಕೆ ಶುರುವಾದವು. ಬಿರಡೆ ತಿರುಗಿಸಿ ಏರಿಸಿದೆ. ನಾಲ್ಕು ಸಾಲು ಆಗುವಷ್ಟರಲ್ಲಿ ಮತ್ತೆ ಇಳಿದವು.

ಇದನ್ನು ಬಿಡಿಸಿ ಹೇಳ್ತೀನಿ, ಯಾಕಂದ್ರೆ ನನಗೆ ಯಾರೂ ಮೊದಲೇ ಹೇಳಿರಲಿಲ್ಲ. ತಂತಿ ಹಳೆಯದಾಗಿ ಸಡಿಲವಾಗುತ್ತೆ ಅಂತ ನಾನು ತಿಳಿದಿದ್ದೆ. ಆದರೆ ಜಾಸ್ತಿ ಸಡಿಲವಾಗೋದು ಹೊಸ ತಂತಿಯೇ. ಬಿರಡೆಗೆ ಸುತ್ತಿದ ಸುತ್ತುಗಳು ಇನ್ನೂ ಬಿಗಿಯಾಗಿ ಕೂತಿರೋದಿಲ್ಲ. ಆ ಕಡೆ ಬ್ರಿಡ್ಜ್, ಅಂದರೆ ಗಿಟಾರಿನ ಹೊಟ್ಟೆ ಮೇಲೆ ತಂತಿ ಸಿಕ್ಕಿಸುವ ಪಟ್ಟಿ, ಅದರ ಒಳಗಿರುವ ತಂತಿ ತುದಿಯ ಗುಂಡೂ ತನ್ನ ಜಾಗದಲ್ಲಿ ಕೂತಿರೋದಿಲ್ಲ. ಆರು ಉಕ್ಕಿನ ತಂತಿ ಸೇರಿ ಸುಮಾರು 70 ಕೆಜಿ ಎಳೆತ ಇರುತ್ತೆ, ಒಬ್ಬ ಆಳಿನ ಭಾರ. ಅಷ್ಟು ಎಳೆತದಲ್ಲಿ ಪ್ರತಿ ಸಲ ಹೊಡೆದಾಗಲೂ ಸುತ್ತು ಒಂದಿಷ್ಟು ಬಿಗಿಯಾಗುತ್ತೆ. ಅಲ್ಲಿಂದ ಕೂದಲೆಳೆಯಷ್ಟು ತಂತಿ ಹೊರಗೆ ಬರುತ್ತೆ, ಶ್ರುತಿ ಇಳಿಯುತ್ತೆ. ನಾನು ಸಣ್ಣ ತಂತಿಗೆ ಏಳೆಂಟು ಸುತ್ತು ಹಾಕಿದ್ದೆ, ಅದೂ ಸಡಿಲವಾಗಿ. ಸುತ್ತು ಜಾಸ್ತಿ ಇದ್ದರೆ ಭದ್ರ ಅಂದುಕೊಂಡಿದ್ದೆ. ಎರಡು ಮೂರು ಸುತ್ತು ಸಾಕಿತ್ತು. ಸಾಲದ್ದಕ್ಕೆ ಸ್ಟೇಜಿನ ಮೇಲೆ ದೊಡ್ಡ ಹ್ಯಾಲೋಜನ್ ದೀಪ. ಬಿಸಿಗೆ ಉಕ್ಕು ಹಿಗ್ಗುತ್ತೆ, ಶ್ರುತಿ ಇನ್ನಷ್ಟು ಕೆಳಗೆ. ಕಟ್ಟಕಡೆಯ ಸಣ್ಣ ತಂತಿ ಸೆಕೆಂಡಿಗೆ ಸುಮಾರು 330 ಸಲ ಕಂಪಿಸಬೇಕು. ಅದು 320ಕ್ಕೆ ಇಳಿದರೆ ಕೀಬೋರ್ಡಿನ ಬಿಳಿ ಪಟ್ಟಿಗೂ ಪಕ್ಕದ ಕರಿ ಪಟ್ಟಿಗೂ ನಡುವೆ ಸಿಕ್ಕಿಬೀಳುತ್ತೆ. ಕೀಬೋರ್ಡ್ ತನ್ನ ಜಾಗ ಬಿಟ್ಟು ಅಲ್ಲಾಡೋದಿಲ್ಲ. ಸಂಗೀತ ಗೊತ್ತಿಲ್ಲದವರಿಗೂ ಅದು ಕಿವಿಗೆ ಚುಚ್ಚುತ್ತೆ.

ಮೊಬೈಲ್ ತೆಗೆದು ಶ್ರುತಿ ತೋರಿಸುವ ಟ್ಯೂನರ್ ಹಚ್ಚಿದೆ. ಢೋಲಕ್ ಸದ್ದಿಗೆ ಅದರ ಮುಳ್ಳು ಕುಣಿಯುತ್ತಿತ್ತು ಅಷ್ಟೇ.

ಮೂರನೇ ಹಾಡು ನನ್ನದು. ಅಂದರೆ ಆ ಹಾಡು ಶುರುವಾಗೋದೇ ಗಿಟಾರಿನಿಂದ, ಮೂರು ತಿಂಗಳು ಅದನ್ನೇ ಕೂತು ತಿದ್ದಿದ್ದೆ. ಅಪ್ಪ ಅಂಗಡಿ ಬೇಗ ಮುಚ್ಚಿ ಬಂದು ಪೆಂಡಾಲಿನ ಕಂಬಕ್ಕೆ ಒರಗಿ ನಿಂತಿದ್ದರು. ಹಾಡುವವರು ನನ್ನ ಮುಖ ನೋಡಿ, ಕೀಬೋರ್ಡಿನವರಿಗೆ ಕಣ್ಣಲ್ಲೇ ಸನ್ನೆ ಮಾಡಿದರು. ಅವರು ನುಡಿಸಿದರು. ನಾನು ತಂತಿ ಮೇಲೆ ಕೈ ಇಟ್ಟು ನಿಂತೆ. ಆ ಹಾಡನ್ನು ಆಮೇಲೆ ಎಷ್ಟೋ ಸಲ ನುಡಿಸಿದ್ದೇನೆ, ಆದರೆ ಅಪ್ಪ ಕಂಬಕ್ಕೆ ಒರಗಿ ನಿಂತಿದ್ದು ಆವತ್ತೇ.

ಅದು ಮುಗಿದ ಮೇಲೆ ದೇಣಿಗೆ ಕೊಟ್ಟವರ ಹೆಸರು ಓದೋಕೆ ಶುರು ಮಾಡಿದರು. ಬ್ಯಾಂಜೋ ಕಾಕಾ ಹತ್ತಿರ ಬಂದು, "ತಮ್ಮಾ, ತಂತಿ ಯಾವಾಗ ಹಾಕಿದಿ?" ಅಂದರು.

"ಇವತ್ತ ಸಂಜಿಕ, ಕಾಕಾ."

ಬೈಯಲಿಲ್ಲ. ಗಿಟಾರ್ ತೊಡೆ ಮೇಲೆ ಮಲಗಿಸಿಕೊಂಡರು. ತೋರುಬೆರಳನ್ನು ಸಣ್ಣ ತಂತಿಯ ಕೆಳಗೆ ಕೊಕ್ಕೆ ಹಾಕಿ, ಒಂದು ಬೆರಳಷ್ಟು ಮೇಲಕ್ಕೆ ಎಳೆದರು. ಹಾಗೇ ಎಳೆಯುತ್ತಾ ಬ್ರಿಡ್ಜಿನ ಕಡೆಯಿಂದ ಕುತ್ತಿಗೆಯ ಕಡೆಗೆ ಜರುಗಿದರು. ಬಿರಡೆ ತಿರುಗಿಸಿದರು. ಮತ್ತೆ ಎಳೆದರು. ಒಂದೊಂದು ತಂತಿಗೆ ನಾಲ್ಕೈದು ಸಲ. ಟ್ಯೂನರ್ ಇಲ್ಲ, ಏನಿಲ್ಲ, ತಮ್ಮ ಬ್ಯಾಂಜೋ ಮೀಟಿ ಅದರ ಶ್ರುತಿಗೆ ಕೂಡಿಸಿದರು. "ಇದಕ್ಕ ದಣಿವಾಗಬೇಕು. ದಣದ ಮ್ಯಾಲೆ ಹೇಳಿದಂಗ ಕೇಳ್ತದ." ಅಷ್ಟು ಹೇಳಿ ವಾಪಸ್ ಕೊಟ್ಟರು. ಆಮೇಲೆ ಹನ್ನೊಂದು ಹಾಡು ನುಡಿಸಿದೆ. ತಂತಿ ಕದಲಲಿಲ್ಲ.

ಹಿಂದೂಸ್ತಾನಿ ಕಛೇರಿಯಲ್ಲಿ ಶುರುವಿಗೆ ತಂಬೂರಿ ಕೂಡಿಸುವುದನ್ನು ಜನ ತಾಳ್ಮೆಯಿಂದ ಕೇಳುತ್ತಾ ಕೂರುತ್ತಾರೆ. ಅದು ನನಗೆ ತುಂಬಾ ಇಷ್ಟ. ನಮ್ಮೂರನ್ನು ಆಳಿದ ಎರಡನೇ ಇಬ್ರಾಹಿಂ ಆದಿಲ್ ಶಾ ತನ್ನ ತಂಬೂರಿಗೆ ಮೋತಿ ಖಾನ್ ಅಂತ ಹೆಸರೇ ಇಟ್ಟಿದ್ದ. ವಾದ್ಯವನ್ನು ಮನೆಯ ಮನುಷ್ಯನ ಹಾಗೆ ನೋಡಿಕೊಳ್ಳೋದು ಅಂದರೆ ಅದು. ರಸಮಂಜರಿಯಲ್ಲಿ ನಮಗೆ ಅಷ್ಟು ಸಮಯ ಕೊಡೋದಿಲ್ಲ, ಹಾಗಾಗಿ ಆ ಕೆಲಸ ಮನೆಯಲ್ಲೇ ಮುಗಿಸಿಕೊಂಡು ಹೋಗಬೇಕು.

ಈಗ ನಿಮ್ಮ ಪ್ರಶ್ನೆ. ಹೊಸ ಗಿಟಾರ್ ಬೇಡ. ಹನ್ನೆರಡು ದಿನದಲ್ಲಿ ಹೊಸ ಗಿಟಾರಿನ ಕುತ್ತಿಗೆಗೆ ಕೈ ಒಗ್ಗುವುದಿಲ್ಲ. ನಿಮ್ಮದರಲ್ಲಿ ಪಿಕಪ್, ಅಂದರೆ ಗಿಟಾರಿನ ದನಿಯನ್ನು ವೈರಿನಲ್ಲಿ ಸೌಂಡ್ ಸಿಸ್ಟಮ್ಮಿಗೆ ಕಳಿಸುವ ಸಾಧನ, ಇಲ್ಲದಿದ್ದರೆ ಒಂದು ಹಾಕಿಸಿ, ಅಷ್ಟಕ್ಕೆ ದುಡ್ಡು ಹಾಕಿ. ಮೈಕ್ ಮುಂದೆ ಹಿಡಿದು ನುಡಿಸಿದರೆ ಸೌಂಡ್ ಬಾಕ್ಸಿನ ಸದ್ದು ಮತ್ತೆ ಮೈಕಿಗೇ ಹೋಗಿ ಕುಂಯ್ ಅನ್ನುತ್ತೆ. ಪಿಕಪ್ ಇದ್ದರೂ ಬಾಕ್ಸಿಗೆ ಎದುರು ನಿಲ್ಲಬೇಡಿ. ಗಿಟಾರಿನ ತಲೆಗೆ ಸಿಕ್ಕಿಸುವ ಟ್ಯೂನರ್ ತಗೊಳ್ಳಿ. ಅದು ಮರದ ಕಂಪನ ಹಿಡಿಯುತ್ತೆ, ಢೋಲಕ್ ಪಕ್ಕದಲ್ಲೇ ಇದ್ದರೂ ಪರವಾಗಿಲ್ಲ.

ಇನ್ನೊಂದು ವರ್ಷ ಕಾಯೋದು ಮಾತ್ರ ಸುತಾರಾಂ ಬೇಡ. ಕೋಣೆಯಲ್ಲಿ ಮೊಬೈಲ್ ಜೊತೆ ಹತ್ತು ವರ್ಷ ನುಡಿಸಿದರೂ ಸಿಗದ್ದು ಒಂದಿದೆ. ಮೊಬೈಲಿನ ಟ್ರ್ಯಾಕ್ ನಿಮಗಾಗಿ ನಿಲ್ಲೋದಿಲ್ಲ. ಢೋಲಕಿನವರು ನಿಲ್ಲುತ್ತಾರೆ. ಹಾಡುವವರು ಒಂದು ಸಾಲನ್ನು ಎಳೆದರೆ, ಅವರು ಉಸಿರು ತಗೊಳ್ಳುವವರೆಗೆ ಢೋಲಕಿನ ಕೈ ಕಾಯುತ್ತೆ, ಆಮೇಲೆ ಎಲ್ಲರೂ ಒಟ್ಟಿಗೆ ತಾಳಕ್ಕೆ ಬೀಳುತ್ತಾರೆ. ಆ ಒಂದು ಕ್ಷಣಕ್ಕೆ ಮುಂದೆ ಕೂತ ಹುಡುಗರು ಸೀಟಿ ಹೊಡೆಯುತ್ತಾರೆ. ಅದು ಒಂದು ಸಲ ಮೈಗೆ ಹತ್ತಿದರೆ ಬಿಡೋದಿಲ್ಲ. ನಾನು ಆವತ್ತು ಮೂರನೇ ಹಾಡಿನಲ್ಲಿ ಸುಮ್ನೆ ನಿಂತಾಗಲೂ, ಹೊರಗಡೆ ಇದ್ದೇನೆ ಅಂತ ಅನಿಸಲಿಲ್ಲ. ಕಿವಿಯಿಟ್ಟು ಅವರ ಜೊತೆಗೇ ಇದ್ದೆ. ನೀವು ಮೊದಲ ಹಾಡಿಗೆ ಬರೀ ಎರಡು ಕಾರ್ಡ್ (ಹಲವು ತಂತಿ ಒಟ್ಟಿಗೆ ನುಡಿಸುವ ಸ್ವರಗುಚ್ಛ) ಹೊಡೆದರೂ ಸಾಕು, ಕಣ್ಣು ಮಾತ್ರ ತಂತಿ ಬಿಟ್ಟು ಅವರ ಕಡೆ ಇರಲಿ.

ನಿಮ್ಮ ಗಿಟಾರಿನ ತಂತಿ ಹಾಕಿ ಎಷ್ಟು ದಿನವಾಯಿತು? ಬೆರಳಿಗೆ ಒರಟಾಗಿದ್ದರೆ, ಕಪ್ಪಾಗಿದ್ದರೆ ಇವತ್ತೇ ಬದಲಿಸಿ. ಎಳೆದು ದಣಿಸಿ, ಒಂದು ವಾರ ದಿನಾ ನುಡಿಸಿ. ಸಣ್ಣ ತಂತಿ ಒಂದನ್ನು ಜಾಸ್ತಿ ತಂದು ಬ್ಯಾಗಿನಲ್ಲಿ ಇಡಿ. ಕಡೆಯ ಮೂರು ದಿನ ಯಾರು ಏನೇ ಹೇಳಿದರೂ ಬಿರಡೆ ಬಿಟ್ಟು ಬೇರೇನನ್ನೂ ಮುಟ್ಟಬೇಡಿ.