ಡಿಸ್ಕ್ ಗಾಲ್ಫ್: ಟೀ ಫಲಕದ ಅಂಕಿ ಎಲ್ಲಿಂದ ಎಲ್ಲಿಗೆ?

ಪ್ರಶ್ನೆ: ನಾವಿರುವುದು ಅಮೆರಿಕದ ಮಿಷಿಗನ್‌ನಲ್ಲಿ. ಮನೆ ಹತ್ತಿರದ ಪಾರ್ಕಿನಲ್ಲಿ ಒಂಬತ್ತು ಹೋಲ್‌ಗಳ ಡಿಸ್ಕ್ ಗಾಲ್ಫ್ ಕೋರ್ಸ್ ಇದೆ; ಟೀ ಎಂಬ ಜಾಗದಿಂದ ತಟ್ಟೆಯಂಥ ಡಿಸ್ಕನ್ನು ಎಸೆದು ಸರಪಳಿ ತೂಗುವ ಬ್ಯಾಸ್ಕೆಟ್‌ಗೆ ಬೀಳಿಸುವ ಆಟ ಇದು, ಒಂದು ಟೀಯಿಂದ ಅದರ ಬ್ಯಾಸ್ಕೆಟ್‌ವರೆಗಿನದು ಒಂದು ಹೋಲ್. ಟೀ ಪಕ್ಕದಲ್ಲಿ ದೂರ ತೋರಿಸುವ, ಬಿಸಿಲಿಗೆ ಮಾಸಿದ ಫಲಕಗಳನ್ನು ಬದಲಿಸಲು ಪಾರ್ಕಿನವರು ಒಪ್ಪಿದ್ದಾರೆ. ದೂರ ಅಳೆದುಕೊಡುವ ಕೆಲಸ ನಮ್ಮ ಕೆಲವು ಕನ್ನಡ ಕುಟುಂಬಗಳ ಪಾಲಿಗೆ ಬಂದಿದೆ. ಮೂರನೇ ಹೋಲ್ ಫೋನಿನಲ್ಲಿ ಅಳೆದರೆ 268 ಅಡಿ, ತಳ್ಳುವ ಅಳತೆ ಚಕ್ರದಲ್ಲಿ 291, ಹಳೆಯ ಫಲಕದಲ್ಲಿ 280. ಯಾವುದನ್ನು ನಂಬೋಣ?

ಉತ್ತರ: ಸದ್ಯಕ್ಕೆ ಯಾವುದನ್ನೂ ಬೇಡ. ಮೊದಲು ಎರಡು ಬಿಂದುಗಳನ್ನು ಗಟ್ಟಿ ಮಾಡಿಕೊಳ್ಳಿ. ಟೀ ಪ್ಯಾಡಿನ (ನಿಂತು ಎಸೆಯುವ ಕಟ್ಟೆಯ) ಮುಂದಿನ ಅಂಚಿನ ನಟ್ಟನಡುವೆ ಒಂದು, ಬ್ಯಾಸ್ಕೆಟ್ ಕಂಬದ ಬುಡ ಇನ್ನೊಂದು. ಕಾಂಕ್ರೀಟ್ ಪ್ಯಾಡುಗಳು ಸಾಮಾನ್ಯವಾಗಿ 5 ಅಡಿ ಅಗಲ, 12 ಅಡಿ ಉದ್ದ ಇರುತ್ತವೆ. ಒಬ್ಬರು ಹಿಂದಿನ ಅಂಚಿನಿಂದ, ಮತ್ತೊಬ್ಬರು ಮುಂದಿನಿಂದ ಅಳೆದರೆ ಅಲ್ಲೇ 12 ಅಡಿ ಹೆಚ್ಚುಕಡಿಮೆ. ನಿಮ್ಮ 291ರಲ್ಲಿ 12 ಕಳೆದು ನೋಡಿ, 279 ಬರುತ್ತದೆ. ಚಕ್ರ ತಳ್ಳಿದವರು ಎಲ್ಲಿಂದ ಹೊರಟರು ಎಂದು ಒಮ್ಮೆ ವಿಚಾರಿಸಿ.

ಫೋನಿನ ಅಂಕಿಯನ್ನು ಫಲಕಕ್ಕೆ ಏರಿಸಲೇಬೇಡಿ. ಬಯಲಲ್ಲೇ ಫೋನಿನ ಜಿಪಿಎಸ್ ಸುಮಾರು 16 ಅಡಿ ಆಚೀಚೆ ತೋರಿಸಬಹುದು. ಮರಗಳ ಕೆಳಗೆ ತಪ್ಪು ಇನ್ನೂ ಹೆಚ್ಚು. ಟೀಯಲ್ಲಿ ಒಂದು ತಪ್ಪು, ಬ್ಯಾಸ್ಕೆಟ್ ಬಳಿ ಇನ್ನೊಂದು, ಎರಡೂ ಸೇರಿದರೆ ಮುನ್ನೂರು ಅಡಿಯೊಳಗಿನ ಹೋಲ್‌ನಲ್ಲಿ ಯಾವ ಡಿಸ್ಕ್ ಕೈಗೆ ತೆಗೆದುಕೊಳ್ಳಬೇಕು ಎಂಬುದೇ ಬದಲಾಗುತ್ತದೆ. ಕೋರ್ಸಿನ ನಕ್ಷೆ ಬರೆಯಲು ಫೋನ್ ಸಾಕು, ಅಂಕಿಗೆ ಸಾಲದು.

ಚಕ್ರ ಒಳ್ಳೆಯದೇ, ಆದರೆ ಅದು ಉಬ್ಬುತಗ್ಗನ್ನೆಲ್ಲ ಹತ್ತಿ ಇಳಿಯುತ್ತದೆ, ಕೈ ವಾಲಿದರೆ ಹಾವಿನಂತೆ ಸಾಗುತ್ತದೆ. ಎರಡರಿಂದಲೂ ಅಂಕಿ ಏರುತ್ತದೆ. ಒದ್ದೆ ಹುಲ್ಲಿನಲ್ಲಿ ಜಾರಿದರೆ ಇಳಿಯುತ್ತದೆ. ಹಾಗಾಗಿ ಅದೇ ಹುಲ್ಲಿನ ಮೇಲೆ 100 ಅಡಿಯ ಟೇಪು ಬಿಗಿಯಾಗಿ ಹಾಸಿ, ಪಕ್ಕದಲ್ಲೇ ಚಕ್ರವನ್ನು ಮೂರು ಸಲ ಓಡಿಸಿ ಸರಾಸರಿ ತೆಗೆಯಿರಿ. 102 ಬಂದರೆ ಮುಂದಿನ ಪ್ರತಿ ಅಳತೆಯನ್ನೂ 1.02ರಿಂದ ಭಾಗಿಸಬೇಕು: ಚಕ್ರದ 357 ಅಂದರೆ ನಿಜದಲ್ಲಿ 350.

ನೋಟ ತೆರೆದಿದ್ದರೆ ಕಿರಣ ಬಿಟ್ಟು ದೂರ ಅಳೆಯುವ ಲೇಸರ್ ರೇಂಜ್‌ಫೈಂಡರ್ ಎಲ್ಲಕ್ಕಿಂತ ಸಲೀಸು. ಬ್ಯಾಸ್ಕೆಟ್‌ನ ತೆಳು ಸರಪಳಿಗಳಿಂದ ಕಿರಣ ಸರಿಯಾಗಿ ಮರಳುವುದಿಲ್ಲ. ಒಮ್ಮೊಮ್ಮೆ ಹಿಂದಿನ ಮರದ ದೂರ, ಒಮ್ಮೊಮ್ಮೆ ಮುಂದಿನ ಕೊಂಬೆಯ ದೂರ ಬಂದುಬಿಡುತ್ತದೆ. ಒಬ್ಬರು ಕಂಬಕ್ಕೆ ತಾಗಿಸಿ ಬಿಳಿ ರಟ್ಟು ಹಿಡಿಯಲಿ. ಉಪಕರಣ ಮುಂದಿನ ಅಂಚಿನ ನೇರ ಮೇಲಿರಲಿ. ಮೂರು ಸಲ ಅಳೆದು, ಮೂರೂ ಒಂದು ಗಜದೊಳಗೆ ಬಂದರೆ ಮಾತ್ರ ಬರೆದುಕೊಳ್ಳಿ. ಗಾಲ್ಫ್ ಚೆಂಡಿಗಾಗಿ ಇಳಿಜಾರು ಲೆಕ್ಕ ಹಾಕುವ ಸೌಲಭ್ಯ ಅದರಲ್ಲಿದ್ದರೆ ಆರಿಸಿಡಿ. ಡಿಸ್ಕ್ ಹಾರುವ ಬಗೆಯೇ ಬೇರೆ.

ಪ್ರಶ್ನೆ: ಆರನೇ ಹೋಲ್ ದಿಬ್ಬದ ಮೇಲಿಂದ ಕೆಳಕ್ಕೆ, 30 ಅಡಿ ಇಳಿಯುತ್ತದೆ. ಇಳಿಜಾರಿನ ಉದ್ದ ಬರೆಯಬೇಕೋ, ಸಮತಲದ ಉದ್ದವೋ?

ಉತ್ತರ: ಈ ವಿಚಾರಕ್ಕೆ ಜಗಳವಾಡುವಷ್ಟು ವ್ಯತ್ಯಾಸವೇ ಇಲ್ಲ. ಇಳಿಜಾರಿನ ಗುಂಟ 300 ಅಡಿ ಇದ್ದು 30 ಅಡಿ ಇಳಿದರೆ ಸಮತಲದ ದೂರ 298.5 ಅಡಿ. ಒಂದೂವರೆ ಅಡಿ ಅಷ್ಟೆ. ಡಿಸ್ಕಿಗೆ ಆಗುವ ವ್ಯತ್ಯಾಸ ಮಾತ್ರ ಬಹಳ ದೊಡ್ಡದು. ಒಂದು ಅಡಿ ಏರಿಳಿತ ಮೂರು ಅಡಿ ದೂರಕ್ಕೆ ಸಮ ಎಂಬುದು ಕೋರ್ಸ್ ರೂಪಿಸುವವರು ಬಳಸುವ ಅಂದಾಜು ಲೆಕ್ಕ. ಅದರ ಪ್ರಕಾರ ನಿಮ್ಮ ಹೋಲ್ ಆಡಲು 210 ಅಡಿಯಂತೆ. ಅದೇ ಹೋಲನ್ನು ಕೆಳಗಿನಿಂದ ಮೇಲಕ್ಕೆ ಆಡಿದ್ದರೆ 390ರಂತೆ.

ಹಾಗೆಂದು ಫಲಕದ ಮೇಲೆ 210 ಎಂದು ಬರೆಯಬೇಡಿ. ಅಳೆದ 300 ಇರಲಿ, ಪಕ್ಕದಲ್ಲಿ ಕೆಳಮುಖ ಬಾಣ ಹಾಕಿ ‘30 ಅಡಿ ಇಳಿತ’ ಎಂದು ಸೇರಿಸಿ. ಮಿಕ್ಕ ಲೆಕ್ಕ ಆಟಗಾರರೇ ಹಾಕಿಕೊಳ್ಳುತ್ತಾರೆ. ಪಾರ್ (ಒಂದು ಹೋಲ್‌ಗೆ ನಿರೀಕ್ಷಿಸುವ ಎಸೆತಗಳ ಸಂಖ್ಯೆ) ನಿಗದಿ ಮಾಡುವಾಗ ಮಾತ್ರ ಈ ಮೂರುಪಟ್ಟು ಲೆಕ್ಕವನ್ನು ಮರೆಯಬಾರದು.

ಪ್ರಶ್ನೆ: ಎಂಟನೆಯದು ಕಾಡಿನೊಳಗೆ ಬಲಕ್ಕೆ ತಿರುಗುತ್ತದೆ. ಟೀಯಿಂದ ತಿರುವಿಗೆ 240, ಅಲ್ಲಿಂದ ಬ್ಯಾಸ್ಕೆಟ್‌ಗೆ 180. ನೇರ ದೂರ 300. ಯಾವುದು ಸರಿ?

ಉತ್ತರ: ಮರಗಳ ಮೇಲಿಂದಲೋ ನಡುವಿನಿಂದಲೋ ನೇರ ಎಸೆಯಲು ಸಾಧ್ಯವೇ ಇಲ್ಲದಿದ್ದರೆ 420 ದೊಡ್ಡ ಅಕ್ಷರದಲ್ಲಿರಲಿ. ನೇರ 300 ಎಂದಷ್ಟೇ ಬರೆದರೆ ಹೊಸಬರು ಒಂದೇ ಎಸೆತದ ಹೋಲ್ ಎಂದುಕೊಂಡು ಪೊದೆಗೆ ಎಸೆದು ಡಿಸ್ಕ್ ಕಳೆದುಕೊಳ್ಳುತ್ತಾರೆ. ನಕ್ಷೆಯಲ್ಲಿ ತಿರುವಿನ ಬಳಿ 240 ಎಂದು ಗುರುತಿಸಿ. ಟೀ ಮೇಲೆ ನಿಂತವರಿಗೆ ಬೇಕಾದ ಅಂಕಿ ಅದೇ. ಒಂಬತ್ತೂ ಫಲಕಗಳಲ್ಲಿ ಕ್ರಮ ಒಂದೇ ಇರಬೇಕು. ಎಂಟರಲ್ಲಿ ದಾರಿಯ ಅಳತೆ, ಐದರಲ್ಲಿ ನೇರ ಅಳತೆ ಎಂದಾದರೆ ಓದುವವರಿಗೆ ಎರಡರಲ್ಲೂ ನಂಬಿಕೆ ಹೋಗುತ್ತದೆ.

ಪ್ರಶ್ನೆ: ಫಲಕದಲ್ಲಿ ಇನ್ನೇನಿರಬೇಕು? ಕಂಬ ಎಷ್ಟು ಆಳ ನೆಡಬೇಕು? ಹಿಂದಿನ ಕಂಬಗಳು ಎರಡು ಚಳಿಗಾಲ ಕಳೆದ ಮೇಲೆ ವಾಲಿಕೊಂಡವು.

ಉತ್ತರ: ಹೋಲ್ ಸಂಖ್ಯೆ, ಪಾರ್, ಅಡಿ ಮತ್ತು ಮೀಟರ್ ಎರಡರಲ್ಲೂ ದೂರ (ಅಡಿಯನ್ನು 3.28ರಿಂದ ಭಾಗಿಸಿ), ಔಟ್ ಆಫ್ ಬೌಂಡ್ಸ್ (ಆಟದ ಎಲ್ಲೆಯ ಹೊರಗಿನ ಜಾಗ) ಗೆರೆ, ಕಡ್ಡಾಯವಾಗಿ ಇಂಥ ಪಕ್ಕದಿಂದಲೇ ಹೋಗಬೇಕಾದ ಮರವಿದ್ದರೆ ಅದರ ಬಾಣ, ಮುಂದಿನ ಟೀಗೆ ದಾರಿ. ಕೊನೆಯದನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ, ಹೊಸಬರು ಪಾರ್ಕೆಲ್ಲ ಅಲೆಯುವುದು ಅದರಿಂದಲೇ. ನಕ್ಷೆಯನ್ನು ಉತ್ತರ ದಿಕ್ಕು ಮೇಲಿರುವಂತೆ ಬರೆಯಬೇಡಿ. ಟೀ ಕೆಳಗೆ, ಬ್ಯಾಸ್ಕೆಟ್ ಮೇಲೆ ಬರಲಿ. ನಿಂತವರು ನೋಡುತ್ತಿರುವ ದಿಕ್ಕೇ ಕಾಗದದ ಮೇಲಕ್ಕೆ. ಬ್ಯಾಸ್ಕೆಟ್‌ಗೆ ಎರಡು ಮೂರು ಜಾಗಗಳಿದ್ದರೆ ಎ, ಬಿ, ಸಿ ಎಂದು ಮೂರು ದೂರ ಬರೆದು, ಇಂದಿನದನ್ನು ತೋರಿಸಲು ಜಾಗ ಬದಲಿಸಬಹುದಾದ ಒಂದು ಬೋಲ್ಟ್ ಇಡಿ.

ಕಂಬಗಳು ವಾಲಿದ್ದು ಹಿಮದಿಂದ. ಮಣ್ಣಿನ ನೀರು ಹೆಪ್ಪುಗಟ್ಟಿ ಉಬ್ಬಿ ಕಂಬವನ್ನು ಮೇಲಕ್ಕೆ ನೂಕುತ್ತದೆ. ಮಿಷಿಗನ್‌ನಲ್ಲಿ ಕಟ್ಟಡದ ಪಾಯಕ್ಕೆ 42 ಇಂಚು ಆಳ ಲೆಕ್ಕ ಹಿಡಿಯುತ್ತಾರೆ. ಫಲಕದ ಕಂಬಕ್ಕೂ ಅಷ್ಟೇ ಇಳಿಸಿದರೆ ನೆಮ್ಮದಿ. ಗುಂಡಿಯ ತಳಕ್ಕೆ ಆರು ಇಂಚು ಜಲ್ಲಿ ಹಾಕಿ ನೀರು ಬಸಿಯಲು ಬಿಡಿ. ಕಾಂಕ್ರೀಟ್ ಹಾಕುವುದಾದರೆ ಮೇಲ್ಭಾಗ ಅಣಬೆಯಂತೆ ಅಗಲವಾಗಬಾರದು, ಹಿಮಕ್ಕೆ ಹಿಡಿದೆತ್ತಲು ಅದೇ ಹಿಡಿ. ಅಗೆಯುವ ಕೆಲವು ದಿನ ಮೊದಲೇ 811ಕ್ಕೆ ಕರೆ ಮಾಡಿ. ನೆಲದಡಿಯ ಗ್ಯಾಸ್, ವಿದ್ಯುತ್ ಮಾರ್ಗಗಳನ್ನು ಗುರುತಿಸಿಕೊಡುವ ವ್ಯವಸ್ಥೆ ಅದು.

ಫಲಕ ಪ್ಯಾಡಿನ ಹಿಂದಿನ ಅರ್ಧಭಾಗದ ಪಕ್ಕಕ್ಕೆ, ಅಂಚಿನಿಂದ ಕನಿಷ್ಠ 4 ಅಡಿ ದೂರ ಇರಲಿ. ಮುಂದಿದ್ದರೆ ಡಿಸ್ಕ್ ಬಡಿಯುತ್ತದೆ, ತೀರಾ ಹತ್ತಿರವಿದ್ದರೆ ಬೀಸುವ ಕೈ ಬಡಿಯುತ್ತದೆ. ಕಂಬ ತಾಮ್ರದ ರಾಸಾಯನಿಕ ಕುಡಿಸಿದ ಮರದ್ದಾದರೆ ಅಲ್ಯೂಮಿನಿಯಂ ಹಾಳೆಯನ್ನು ನೇರ ತಾಗಿಸಬೇಡಿ, ಅಲ್ಲೇ ತಿಂದುಹೋಗುತ್ತದೆ. ನಡುವೆ ಪ್ಲಾಸ್ಟಿಕ್ ವಾಷರ್ ಕೊಟ್ಟು ಸ್ಟೇನ್‌ಲೆಸ್ ತಿರುಪು ಬಿಗಿಯಿರಿ, ತೂತು ತಿರುಪಿಗಿಂತ ಸ್ವಲ್ಪ ದೊಡ್ಡದಿರಲಿ. ಅಚ್ಚಿಗೆ ಕೊಡುವ ಮುನ್ನ ಕಾಗದದ ಪ್ರತಿಯನ್ನು ರಟ್ಟಿಗೆ ಅಂಟಿಸಿ ಎರಡು ವಾರ ಅಲ್ಲೇ ಕಟ್ಟಿಬಿಡಿ, ಜೊತೆಗೊಂದು ಪೆನ್ಸಿಲ್ ನೇತುಹಾಕಿ. ದಿನವೂ ಆಡುವವರು ತಪ್ಪು ಕಂಡಲ್ಲಿ ಅದರ ಮೇಲೆಯೇ ತಿದ್ದಿರುತ್ತಾರೆ.