ಊದಿದ ಕೈಯನ್ನು ಯಾರಿಗೆ ತೋರಿಸಲಿ?

ಪ್ರಶ್ನೆ: ನನಗೆ 47 ವರ್ಷ. ಎರಡು ವರ್ಷದ ಹಿಂದೆ ಸ್ತನ ಕ್ಯಾನ್ಸರ್‌ಗೆ ಆಪರೇಶನ್ ಆಯಿತು. ಕಂಕುಳಿನ ಗ್ರಂಥಿಗಳನ್ನೂ ತೆಗೆದರು, ರೇಡಿಯೇಶನ್ ಕೊಟ್ಟರು. ಈಗ ಎಂಟು ತಿಂಗಳಿಂದ ಬಲಗೈ ಊದಿಕೊಳ್ಳುತ್ತಿದೆ. ಬೆಳಗ್ಗೆ ಸ್ವಲ್ಪ ಇಳಿದಿರುತ್ತದೆ, ಸಂಜೆಗೆ ಈ ಕೈ ನನ್ನದೇ ಅಲ್ಲ ಅನ್ನುವಷ್ಟು ಭಾರ. ಲಿಂಫೆಡೀಮಾ ಅಂದರು, ಒಂದು ಬಿಗಿ ಸ್ಲೀವ್ ಬರೆದುಕೊಟ್ಟರು. ಅದು ಮಣಿಕಟ್ಟಿನಲ್ಲಿ ಕಚ್ಚುತ್ತಿತ್ತು, ಬೆರಳು ಊದುತ್ತಿತ್ತು. ಒಂದೇ ವಾರಕ್ಕೆ ತೆಗೆದು ಮೂಲೆಗೆಸೆದೆ. ಎಲ್ಲರೂ ಮಲಗಿದ ಮೇಲೆ ಕೂತು ನಾಲ್ಕು ಅಂಗಿಗಳ ತೋಳಿನ ಹೊಲಿಗೆ ಬಿಚ್ಚಿ ಅಗಲ ಮಾಡಿಕೊಂಡೆ. ಎಡಗೈಯದ್ದೂ ಬಿಚ್ಚಿದೆ, ಎರಡೂ ಒಂದೇ ಥರ ಕಾಣಲಿ ಅಂತ. ಗಂಡ ಒಳ್ಳೆಯವರೇ. ಆದರೆ 'ಜೀವ ಉಳಿಯಿತಲ್ಲ, ಕೈ ಏನು ಮಹಾ' ಅನ್ನುತ್ತಾರೆ. ಪರಿಚಯದವರೊಬ್ಬರು 'ಆನೆಕಾಲಿನ ಥರದ್ದಾ, ಅಂಟುತ್ತಾ?' ಎಂದು ಕೇಳಿದರು. ಅವತ್ತಿನಿಂದ ಹೊರಗೆ ಹೋಗುವುದೇ ಕಡಿಮೆ. ಹುಡುಕಿ ನೋಡಿದರೆ ಹೆದರಿಸುವ ಫೋಟೊಗಳೇ ಜಾಸ್ತಿ. ಹೇಳಿಕೊಂಡರೆ ಕೃತಘ್ನಳಾಗುತ್ತೇನೇನೋ ಅನಿಸುತ್ತದೆ. ಯಾರನ್ನು ಕೇಳಲಿ?
— ಹೆಸರು ಬೇಡ

ಉತ್ತರ:

ನಿಮ್ಮ ಪತ್ರದಲ್ಲಿ ನಾನು ಎರಡು ಸಲ ಓದಿದ ಸಾಲು ಎಡಗೈ ತೋಳಿನದ್ದು. ಏನೂ ಆಗದ ಕೈಯ ಹೊಲಿಗೆಯನ್ನೂ ಬಿಚ್ಚಿದ್ದೀರಿ. ಎಂಟು ತಿಂಗಳಿಂದ ನೀವು ಎಷ್ಟು ಶ್ರಮ ಪಡುತ್ತಿದ್ದೀರಿ, ಅದರಲ್ಲಿ ಎಷ್ಟು ಪಾಲು ಮುಚ್ಚಿಡುವುದಕ್ಕೇ ಹೋಗುತ್ತಿದೆ ಅನ್ನುವುದು ಅಲ್ಲೇ ಗೊತ್ತಾಯಿತು.

ಮೊದಲು ಕೃತಘ್ನತೆಯ ಮಾತು ಮುಗಿಸೋಣ. ಕ್ಯಾನ್ಸರ್ ಹೋಯಿತು ಅನ್ನುವ ಸಮಾಧಾನ ಬೇರೆ, ಸಂಜೆ ಕೈ ಎತ್ತಲಾಗುವುದಿಲ್ಲ ಅನ್ನುವ ಕಷ್ಟ ಬೇರೆ. ಒಂದನ್ನು ಇನ್ನೊಂದರಿಂದ ಕಳೆಯಲು ಬರುವುದಿಲ್ಲ. ಸ್ತನ ಕ್ಯಾನ್ಸರ್ ಚಿಕಿತ್ಸೆಯಾದ ಸುಮಾರು ಐವರಲ್ಲಿ ಒಬ್ಬರಿಗೆ ಕೈ ಊತ ಬರುತ್ತದೆ. ಗ್ರಂಥಿಗಳನ್ನು ತೆಗೆದು ರೇಡಿಯೇಶನ್ ಕೂಡ ಕೊಟ್ಟಿದ್ದರೆ ಸಂಭವ ಇನ್ನೂ ಜಾಸ್ತಿ. ಅಂದರೆ ಇದು ನೀವು ಏನೋ ತಪ್ಪು ಮಾಡಿ ತಂದುಕೊಂಡದ್ದಲ್ಲ. ಕೈಯಿಂದ ದುಗ್ಧರಸ, ಅಂದರೆ ಲಿಂಫ್ ಅನ್ನುವ ತಿಳಿ ದ್ರವ, ವಾಪಸ್ ಹೋಗುವ ದಾರಿ ಕಂಕುಳಿನಲ್ಲೇ ಹಾದುಹೋಗುತ್ತದೆ. ಆ ದಾರಿ ಕಿರಿದಾಗಿದೆ, ನೀರು ಮತ್ತು ಪ್ರೋಟೀನ್ ಚರ್ಮದ ಕೆಳಗೆ ನಿಂತಿದೆ. ಮೂತ್ರ ಜಾಸ್ತಿ ಮಾಡಿಸುವ ಮಾತ್ರೆ ನುಂಗಿದರೆ ಇದು ವಾಸಿಯಾಗುವುದಿಲ್ಲ. ಹಾಗೆ ಯಾರಾದರೂ ಸಲಹೆ ಕೊಟ್ಟರೆ ಸುಮ್ನೆ ತಲೆಯಾಡಿಸಿ ಬನ್ನಿ.

ಈಗ 'ಯಾರನ್ನು ಕೇಳಲಿ' ಅನ್ನುವ ಪ್ರಶ್ನೆ. ಎಲ್ಲವನ್ನೂ ಅರ್ಥ ಮಾಡಿಕೊಳ್ಳುವ ಒಬ್ಬರೇ ಒಬ್ಬರು ಸಿಗಲಿ ಎಂದು ನೀವು ಕಾಯುತ್ತಿದ್ದೀರಿ ಅನಿಸುತ್ತದೆ. ಅಂಥವರು ಸಿಗುವುದು ಅಪರೂಪ. ನಿಮ್ಮ ಕಷ್ಟವನ್ನು ನಾಲ್ಕು ತುಂಡು ಮಾಡಿ ನಾಲ್ಕು ಜನಕ್ಕೆ ಹಂಚಿಬಿಡಿ.

ದೊಡ್ಡ ತುಂಡು ತರಬೇತಿ ಇರುವ ಕೈಗೆ ಹೋಗಬೇಕು. ಆಪರೇಶನ್ ಆದ ಕಡೆಯ ಫಿಸಿಯೋಥೆರಪಿ ವಿಭಾಗಕ್ಕೆ ಫೋನ್ ಮಾಡಿ, 'ಲಿಂಫೆಡೀಮಾ ತರಬೇತಿ ಆದವರು ಇದ್ದಾರಾ?' ಎಂದು ಅದೇ ಶಬ್ದದಲ್ಲಿ ಕೇಳಿ. 'ಮಸಾಜ್ ಮಾಡುವವರು ಇದ್ದಾರಾ' ಎಂದು ಕೇಳಬೇಡಿ, ಅದು ಬೇರೆ ದಾರಿಗೆ ಹೋಗುತ್ತದೆ. ಇದಕ್ಕೆಂದೇ ಇರುವ ಮಸಾಜ್ ತುಂಬ ಹಗುರ, ಚರ್ಮವನ್ನು ಮೆಲ್ಲಗೆ ಜರುಗಿಸಿದಷ್ಟೇ. 1930ರ ದಶಕದಲ್ಲಿ ಡೆನ್ಮಾರ್ಕಿನ ವೋಡರ್ ದಂಪತಿ ಇದನ್ನು ರೂಪಿಸಿದರು. ಗಟ್ಟಿಯಾಗಿ ಒತ್ತಿ ಉಜ್ಜಿ 'ನೀರು ಇಳಿಸುತ್ತೇನೆ' ಅನ್ನುವವರಿಂದ ದೂರ ಇರಿ. ಅಮೆರಿಕದಲ್ಲಿ ಈ ಪರಿಣತಿಯ ಪರೀಕ್ಷೆಗೆ ಕೂರಲು ಕನಿಷ್ಠ 135 ಗಂಟೆಯ ತರಬೇತಿ ಬೇಕು. ಆದ್ದರಿಂದ 'ನೀವು ಎಲ್ಲಿ ಕಲಿತಿರಿ, ಎಷ್ಟು ದಿನ ಕಲಿತಿರಿ' ಎಂದು ಕೇಳುವುದು ಅಧಿಕಪ್ರಸಂಗವಲ್ಲ. ಅಲ್ಲಿ ಯಾರೂ ಇಲ್ಲ ಅಂದರೆ ನಿಮ್ಮ ಕ್ಯಾನ್ಸರ್ ಡಾಕ್ಟರ ಹತ್ತಿರ ಬೇರೆ ಕಡೆಗೆ ಪತ್ರ ಬರೆಸಿಕೊಳ್ಳಿ.

ಇನ್ನು ಆ ಸ್ಲೀವ್. ನೀವು ಅದನ್ನು ಮೂಲೆಗೆಸೆದದ್ದಕ್ಕೆ ನಿಮ್ಮನ್ನು ಬೈಯುವವರಿದ್ದಾರೆ, ನಾನು ಬೈಯುವುದಿಲ್ಲ. ಮಣಿಕಟ್ಟಿನಲ್ಲಿ ಕಚ್ಚಿದೆ, ಬೆರಳು ಊದಿದೆ ಅಂದರೆ ಅದು ನಿಮ್ಮ ಅಳತೆಗೆ ಕೂತಿಲ್ಲ. ಅಥವಾ ಅಂಗೈಗೂ ಒಂದು ಬಿಗಿ ಗವಸು ಬೇಕಿತ್ತು. ಹೀಗಾದಾಗ ಹಾಕಿಕೊಂಡೇ ಇರುವುದಕ್ಕಿಂತ ತೆಗೆದದ್ದೇ ಸರಿ. ಆದರೆ ಹೋಗಿ ಹೇಳಬೇಕಿತ್ತು, ಅಷ್ಟೇ. ಊತ ಜಾಸ್ತಿ ಇದ್ದರೆ ಸಾಮಾನ್ಯವಾಗಿ ಕೆಲವು ವಾರ ಹೆಚ್ಚು ಹಿಗ್ಗದ ಬಟ್ಟೆಯ ಬ್ಯಾಂಡೇಜನ್ನು ಪದರ ಪದರವಾಗಿ ಸುತ್ತಿ, ಕೈ ಇಳಿಸಿ, ಆಮೇಲೆ ಸ್ಲೀವ್‌ಗೆ ಅಳತೆ ತೆಗೆಯುತ್ತಾರೆ. ಊದಿದ ಕೈಗೆ ತೆಗೆದ ಅಳತೆ ಇಳಿದ ಕೈಗೆ ಹೊಂದುವುದಿಲ್ಲ ಅಲ್ವಾ? ಸರಿಯಾದದ್ದು ಸಿಕ್ಕ ಮೇಲೆ ಎರಡು ತೆಗೆದುಕೊಳ್ಳಿ, ಒಂದು ಒಗೆಯಲು, ಒಂದು ತೊಡಲು. ಬೆಳಗ್ಗೆ ಎದ್ದ ತಕ್ಷಣ, ಕೈ ಇಳಿದಿರುವಾಗಲೇ ತೊಡಿ. ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್ ಹಾಕಿಕೊಂಡು ಎಳೆದರೆ ಬಟ್ಟೆ ಹಿಡಿತಕ್ಕೆ ಸಿಗುತ್ತದೆ, ಉಗುರು ತಾಗಿ ಹರಿಯುವುದಿಲ್ಲ. ಸುಮಾರು ಆರು ತಿಂಗಳಿಗೆ ಅದರ ಬಿಗಿ ಸಡಿಲವಾಗುತ್ತದೆ, ಆಗ ಬದಲಾಯಿಸಬೇಕು. ಇದು ಪದೇ ಪದೇ ಬರುವ ಖರ್ಚು. ವಿಮೆಯವರ ಹತ್ತಿರ ಮೊದಲೇ ಬರಹದಲ್ಲಿ ಕೇಳಿ. ಒಂದು ಸಲ ಇಲ್ಲ ಅಂದರೆ ಡಾಕ್ಟರ ಚೀಟಿ ಇಟ್ಟು ಮತ್ತೆ ಕೇಳಿ. ಅಮೆರಿಕದಂಥ ದೇಶದಲ್ಲೂ ಹಿರಿಯರ ಸರ್ಕಾರಿ ವಿಮೆಯಲ್ಲಿ ಈ ಬಟ್ಟೆಗಳು ಸೇರಲು 2022ರ ಕೊನೆಯಲ್ಲಿ ಬೇರೆ ಕಾನೂನೇ ಮಾಡಬೇಕಾಯಿತು, 2024ರ ಜನವರಿಯಿಂದ ಜಾರಿಗೆ ಬಂತು. ಅಂದರೆ ಕೇಳಿ ಕೇಳಿ ಸುಸ್ತಾದವರು ನೀವೊಬ್ಬರೇ ಅಲ್ಲ.

ಬೆಳಗ್ಗೆ ಕೈ ಇಳಿಯುತ್ತದೆ ಎಂದು ಬರೆದಿದ್ದೀರಿ. ನನಗೆ ಇಡೀ ಪತ್ರದಲ್ಲಿ ಸಮಾಧಾನ ಕೊಟ್ಟದ್ದು ಅದೇ. ರಾತ್ರಿ ಮಲಗಿದಾಗ ಇಳಿಯುವ ಊತ ಸಾಮಾನ್ಯವಾಗಿ ಮೊದಲ ಹಂತದ್ದು. ಹಾಗೇ ಬಿಟ್ಟರೆ ಒಳಗೆ ನಾರು, ಕೊಬ್ಬು ಸೇರಿ ಗಟ್ಟಿಯಾಗುತ್ತದೆ, ಆಮೇಲೆ ಇಳಿಸುವುದು ಕಷ್ಟ. ನೀವು ನೋಡಿದ ಫೋಟೊಗಳಲ್ಲಿ ತುಂಬ ವರ್ಷ ಚಿಕಿತ್ಸೆಯೇ ಇಲ್ಲದೆ ಉಳಿದ ಕೈಕಾಲುಗಳೇ ಹೆಚ್ಚಿರುತ್ತವೆ. ನಿಮ್ಮದು ಎಂಟು ತಿಂಗಳು. ಅದಕ್ಕೇ ಈ ತಿಂಗಳೇ ಹೋಗಿ ಅಂತ ಒತ್ತಾಯ ಮಾಡುತ್ತಿದ್ದೇನೆ.

ಗಂಡನ ವಿಷಯ. 'ನನ್ನನ್ನು ಅರ್ಥ ಮಾಡಿಕೊಳ್ಳಿ' ಅಂದರೆ ಪಾಪ, ಅವರಿಗೆ ಎಲ್ಲಿಂದ ಶುರು ಮಾಡಬೇಕೆಂದು ತಿಳಿಯುವುದಿಲ್ಲ. ಜೀವ ಉಳಿಯಿತಲ್ಲ ಅನ್ನುವುದರ ಹಿಂದೆ ಅವರ ಭಯವೂ ಇರಬಹುದು. ಆ ದಿನಗಳನ್ನು ಮತ್ತೆ ನೆನೆಯಲು ಅವರಿಗೂ ಮನಸ್ಸಿಲ್ಲ. ಅವರ ಕೈಗೆ ಟೇಪ್ ಕೊಡಿ. ತಿಂಗಳಿಗೊಮ್ಮೆ, ಒಂದೇ ಹೊತ್ತಿಗೆ, ಮಣಿಕಟ್ಟಿನಿಂದ ಮೇಲಕ್ಕೆ 10 ಸೆಂಟಿಮೀಟರಿಗೊಂದು ಗುರುತು ಹಾಕಿ, ಎರಡೂ ಕೈಗಳ ಸುತ್ತಳತೆ ತೆಗೆದು ಒಂದು ನೋಟ್‌ಬುಕ್ಕಿನಲ್ಲಿ ಬರೆಯಲಿ. ಒಂದೇ ಜಾಗದಲ್ಲಿ ಎರಡು ಕೈಗಳ ನಡುವೆ 2 ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ಅದನ್ನು ಗಂಭೀರವಾಗಿ ನೋಡುವುದು ರೂಢಿ. ಇದರ ಜೊತೆಗೆ ಒಂದು ಸಲ ಸಂಜೆ ಮುಂಗೈ ಮೇಲೆ ಅವರ ಹೆಬ್ಬೆರಳಿನಿಂದ ಹತ್ತು ಎಣಿಸುವವರೆಗೆ ಒತ್ತಿಸಿ. ಬೆರಳು ತೆಗೆದ ಮೇಲೂ ಗುಳಿ ಹಾಗೇ ನಿಲ್ಲುತ್ತದೆ, ನಿಧಾನಕ್ಕೆ ತುಂಬುತ್ತದೆ. ಎಂಟು ತಿಂಗಳು ಮಾತಿನಲ್ಲಿ ಹೇಳಿದ್ದಕ್ಕಿಂತ ಆ ಗುಳಿ ಅವರಿಗೆ ಜಾಸ್ತಿ ಹೇಳುತ್ತದೆ.

ಆನೆಕಾಲಿನ ಬಗ್ಗೆ ಕೇಳಿದವರಿಗೂ ಉತ್ತರ ಬೇಕು. ಆನೆಕಾಲು ಸೊಳ್ಳೆಯಿಂದ ಬರುವ ಹುಳುವಿನಿಂದ ಆಗುವುದು. ಅಲ್ಲೂ ಕೆಡುವುದು ಇದೇ ದುಗ್ಧರಸದ ದಾರಿಯೇ, ಆದ್ದರಿಂದ ನೋಡಲು ಹೋಲುತ್ತದೆ. ಹಾಗಂತ ಅದನ್ನೂ ಮುಟ್ಟಿದರೆ ಅಂಟುವುದಿಲ್ಲ, ನಿಮ್ಮದಂತೂ ಸೋಂಕೇ ಅಲ್ಲ. 'ಆಪರೇಶನ್‌ನಲ್ಲಿ ಕಂಕುಳಿನ ಗ್ರಂಥಿ ತೆಗೆದಿದ್ದಾರೆ, ಅದಕ್ಕೆ ಊತ, ಅಂಟುವುದಲ್ಲ' — ಈ ಸಾಲನ್ನು ಬಾಯಿಪಾಠ ಮಾಡಿಟ್ಟುಕೊಳ್ಳಿ. ಮೊದಲ ಎರಡು ಸಲ ಗಂಟಲು ಕಟ್ಟುತ್ತದೆ, ಆಮೇಲೆ ಸಲೀಸು. ಹೇಳಲು ಮನಸ್ಸಿಲ್ಲದ ದಿನ ಹೇಳಬೇಡಿ, ಎಲ್ಲರಿಗೂ ಲೆಕ್ಕ ಒಪ್ಪಿಸುವ ಕೆಲಸ ನಿಮ್ಮದಲ್ಲ. ಅಂದ ಹಾಗೆ, ಆನೆಕಾಲಿನ ರೋಗಿಗಳಿಗೆ ಕಲಿಸುವ ಪಾಠ ನಿಮಗೂ ಅಷ್ಟೇ ಉಪಯೋಗ: ದಿನಾ ಸೋಪು ನೀರಿನಲ್ಲಿ ತೊಳೆಯುವುದು, ಬೆರಳುಸಂದಿಯವರೆಗೆ ಮೆತ್ತಗೆ ಒರೆಸುವುದು, ಚರ್ಮ ಒಣಗಿ ಬಿರಿಯದಂತೆ ಕ್ರೀಮ್ ಹಚ್ಚುವುದು, ಸಣ್ಣ ಗಾಯವನ್ನೂ ತಕ್ಷಣ ಸ್ವಚ್ಛ ಮಾಡುವುದು.

ಯಾಕೆಂದರೆ ಊದಿದ ಕೈಗೆ ಸೋಂಕು ಬೇಗ ಹತ್ತುತ್ತದೆ. ಕೈ ಇದ್ದಕ್ಕಿದ್ದಂತೆ ಕೆಂಪಾಗಿ ಬಿಸಿಯಾದರೆ, ನೋವು ಬಂದರೆ, ಜ್ವರ ಚಳಿ ಬಂದರೆ ನಾಳೆ ನೋಡೋಣ ಅನ್ನಬೇಡಿ. ಸ್ಲೀವ್ ತೆಗೆದು, ಮಸಾಜ್ ನಿಲ್ಲಿಸಿ, ಅದೇ ದಿನ ಡಾಕ್ಟರ ಹತ್ತಿರ ಹೋಗಿ. ಆ್ಯಂಟಿಬಯೋಟಿಕ್ ಬೇಗ ಶುರುವಾಗಬೇಕು. ಊತ ಒಮ್ಮೆಲೇ ಹೆಚ್ಚಾದರೂ, ಕಂಕುಳಿನಲ್ಲೋ ಕುತ್ತಿಗೆಯಲ್ಲೋ ಗಂಟು ಸಿಕ್ಕರೂ ಹಾಗೇ ತಕ್ಷಣ ತೋರಿಸಿ. ರಕ್ತ ಹೆಪ್ಪುಗಟ್ಟಿರುವುದು, ಕಾಯಿಲೆ ಮರಳಿರುವುದು ಇವೆರಡೂ ಅಲ್ಲ ಅಂತ ಖಚಿತವಾಗಬೇಕು.

ಈ ಕೈಯಲ್ಲಿ ಏನೂ ಎತ್ತಬಾರದು ಎಂದು ನಿಮಗೂ ಹೇಳಿರಬಹುದು. ನಾನೂ ಒಂದು ಕಾಲದಲ್ಲಿ ಈ ಅಂಕಣದಲ್ಲಿ ಅದನ್ನೇ ಬರೆಯುತ್ತಿದ್ದೆ, ಈಗ ಬರೆಯುವುದಿಲ್ಲ. ಅಮೆರಿಕದಲ್ಲಿ ಕ್ಯಾಥ್ರಿನ್ ಶ್ಮಿಟ್ಜ್ ಮತ್ತು ಜೊತೆಗಾರರು ಈ ಊತವಿದ್ದ 141 ಮಹಿಳೆಯರ ಮೇಲೆ ಮಾಡಿದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ವಾರಕ್ಕೆ ಎರಡು ಸಲ, ಹೇಳಿಕೊಡುವವರ ಕಣ್ಣೆದುರು, ಕಡಿಮೆ ತೂಕದಿಂದ ಶುರು ಮಾಡಿ ನಿಧಾನಕ್ಕೆ ಏರಿಸಿದವರಿಗೆ ಊತ ಹೆಚ್ಚಾಗಲಿಲ್ಲ. ಉಲ್ಬಣಗೊಳ್ಳುವುದು ಕಡಿಮೆಯೇ ಆಯಿತು. ನಾಳೆಯೇ ಭಾರ ಎತ್ತಿ ಅನ್ನುತ್ತಿಲ್ಲ. ಥೆರಪಿಸ್ಟ್ ಸಿಕ್ಕಾಗ ಕೇಳಲು ಒಂದು ಪ್ರಶ್ನೆ ಇದು.

ಉಳಿದದ್ದು ಮನಸ್ಸಿನ ತುಂಡು. ಇದಕ್ಕೆ ಇದೇ ಊತ ಇರುವ ಇನ್ನೊಬ್ಬರು ಬೇಕು. ಚಿಕಿತ್ಸೆಗೆ ಹೋದ ಕಡೆ 'ನನ್ನ ಹಾಗೆ ಇರುವ ಒಬ್ಬರ ಜೊತೆ ಮಾತಾಡಬಹುದಾ, ಅವರಿಗೆ ಒಪ್ಪಿಗೆಯಾದರೆ ನನ್ನ ನಂಬರ್ ಕೊಡಿ' ಅನ್ನಿ. ದೊಡ್ಡ ಗುಂಪಿಗಿಂತ ಅಂಥ ಒಬ್ಬರೇ ವಾಸಿ ಅನ್ನುವುದು ನನ್ನ ಅನುಭವ. ಗುಂಪಿಗೆ ಸೇರಿದರೆ ಮೊದಲ ಹದಿನೈದು ದಿನ ಬರೀ ಓದಿ. ಸ್ಲೀವ್ ತೊಡುವ ಉಪಾಯ, ಬಟ್ಟೆ ಹೊಲಿಸುವ ಉಪಾಯ ಅಲ್ಲಿ ಧಾರಾಳ ಸಿಗುತ್ತವೆ. ಪೂರ್ತಿ ವಾಸಿ ಮಾಡುತ್ತೇನೆ ಎಂದು ಏನನ್ನೋ ಮಾರುವವರೂ ಸಿಗುತ್ತಾರೆ, ಅಲ್ಲಿಂದ ಎದ್ದು ಬನ್ನಿ. ಹಾಲಿವುಡ್ ನಟಿ ಕ್ಯಾಥಿ ಬೇಟ್ಸ್ ಅವರಿಗೂ 2012ರಲ್ಲಿ ಎರಡೂ ಸ್ತನಗಳ ಆಪರೇಶನ್ ಆದ ಮೇಲೆ ಎರಡೂ ಕೈಗಳಲ್ಲಿ ಇದೇ ಊತ ಬಂತು. ಅವರು ಅದನ್ನು ಎಲ್ಲರೆದುರು ಮಾತಾಡಿದರು, ಇದಕ್ಕಾಗಿಯೇ ಇರುವ ಸಂಸ್ಥೆಯೊಂದರ ವಕ್ತಾರರಾದರು. ಮಾರ್ಚ್ 6 ಈಗ ವಿಶ್ವ ಲಿಂಫೆಡೀಮಾ ದಿನ. ಆ ಹೊತ್ತಿನಲ್ಲಿ ಆಸ್ಪತ್ರೆಗಳಲ್ಲಿ ಮಾಹಿತಿ ಶಿಬಿರ ನಡೆಯುವುದುಂಟು, ವಿಚಾರಿಸಿಡಿ.

ಸೋಮವಾರ ಫೋನ್ ಮಾಡಿ. ಹೋಗುವಾಗ ತೋಳು ಸಡಿಲ ಮಾಡಿದ ಆ ಅಂಗಿಗಳಲ್ಲೊಂದನ್ನೇ ತೊಟ್ಟು ಹೋಗಿ, ತೋಳು ಸುಲಭವಾಗಿ ಮೇಲಕ್ಕೆ ಸರಿಯುತ್ತದೆ. ಮೂಲೆಗೆಸೆದ ಸ್ಲೀವನ್ನೂ ಚೀಲಕ್ಕೆ ಹಾಕಿಕೊಳ್ಳಿ. ಅದನ್ನು ಮೇಜಿನ ಮೇಲಿಟ್ಟು, ಎಲ್ಲಿ ಕಚ್ಚಿತು ಎಂದು ಬೆರಳಿಟ್ಟು ತೋರಿಸಿ.