ನಾಲ್ಕು ವರ್ಷದ ಮಗನಿಗೆ ನೆಫ್ರೋಟಿಕ್ ಸಿಂಡ್ರೋಮ್ ಎಂದಿದ್ದಾರೆ. ಮುಂದೆ ಕಿಡ್ನಿ ಹಾಳಾಗುತ್ತದೆಯೇ?

ಮುಖವೂ ಕಾಲೂ ಊದಿಕೊಂಡಿದ್ದ ನಿಮ್ಮ ಮಗನಿಗೆ ನೆಫ್ರೋಟಿಕ್ ಸಿಂಡ್ರೋಮ್ ಇದೆಯೆಂದು ಹೇಳಿ ಮೂರು ತಿಂಗಳ ಸ್ಟೀರಾಯ್ಡ್ ಬರೆದುಕೊಟ್ಟಿದ್ದಾರೆ, ಆದರೆ ಕಿಡ್ನಿ ಕಶ್ಮಲವನ್ನು ಸರಿಯಾಗಿ ಸೋಸುತ್ತಿದೆಯೇ ಎಂದು ತೋರಿಸುವ ರಕ್ತ ಪರೀಕ್ಷೆ, ಅಂದರೆ ಕ್ರಿಯಾಟಿನಿನ್, ಸರಿಯಾಗಿಯೇ ಇದೆ. ಹಾಗಿದ್ದರೆ ಕಿಡ್ನಿಗೆ ಆಗಿರುವುದೇನು, ಇಷ್ಟು ಸಣ್ಣ ಮಗುವಿಗೆ ಸ್ಟೀರಾಯ್ಡ್ ಕೊಡಬಹುದೇ, ಮುಂದೆ ಡಯಾಲಿಸಿಸ್ ಬೇಕಾಗುತ್ತದೆಯೇ ಎಂದು ಕೇಳಿದ್ದೀರಿ. ನಾನು ವೈದ್ಯನಲ್ಲ. ನನ್ನ ಮಗಳಿಗೆ ಮೂರೂವರೆ ವರ್ಷವಿದ್ದಾಗ ಇದೇ ಕಾಯಿಲೆ ಬಂದಿತು. ಅವಳಿಗೆ ಈಗ ಹದಿನಾಲ್ಕು. ಅನುಭವದಿಂದಲೂ ಮಕ್ಕಳ ಕಿಡ್ನಿ ತಜ್ಞರನ್ನು ಮತ್ತೆ ಮತ್ತೆ ಕೇಳಿಯೂ ತಿಳಿದುಕೊಂಡದ್ದನ್ನು ಬರೆಯುತ್ತಿದ್ದೇನೆ. ಔಷಧದ ಪ್ರಮಾಣದ ವಿಷಯದಲ್ಲಿ ನಿಮ್ಮ ವೈದ್ಯರು ಹೇಳಿದ್ದೇ ಅಂತಿಮ.

ಒಂದೊಂದು ಮೂತ್ರಪಿಂಡದಲ್ಲಿಯೂ ಸುಮಾರು 10 ಲಕ್ಷ ಗ್ಲಾಮೆರುಲಸ್‌ಗಳಿವೆ. ಇವು ಕೂದಲಿಗಿಂತ ತೆಳುವಾದ ರಕ್ತನಾಳಗಳು ಉಂಡೆಗಟ್ಟಿದಂತಿರುವ ಸೋಸುಗಗಳು. ವಯಸ್ಕರಲ್ಲಿ ಇವೆಲ್ಲ ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸುತ್ತವೆ. ಅದರ ಬಹುಪಾಲನ್ನು ದೇಹ ಮರಳಿ ಹೀರಿಕೊಂಡು ಒಂದೆರಡು ಲೀಟರ್ ಮಾತ್ರ ಮೂತ್ರವಾಗಿ ಹೊರಬರುತ್ತದೆ. ಸೋಸುಗದ ಹೊರಮೈಯಲ್ಲಿ ಪೋಡೋಸೈಟ್ ಎಂಬ ಜೀವಕೋಶಗಳಿದ್ದು, ಅವುಗಳ ಸಣ್ಣ ಪಾದಗಳು ಎರಡು ಕೈಗಳ ಬೆರಳು ಹೆಣೆದಂತೆ ಒಂದರೊಳಗೊಂದು ಸೇರಿಕೊಂಡು, ನಡುವಿನ ಕಿರಿದಾದ ಸಂದುಗಳಲ್ಲಿ ನೀರನ್ನೂ ಕಶ್ಮಲವನ್ನೂ ಬಿಟ್ಟು ಆಲ್ಬುಮಿನ್ ಎಂಬ ಪ್ರೋಟೀನನ್ನು ರಕ್ತದಲ್ಲಿಯೇ ತಡೆಯುತ್ತವೆ. ನಿಮ್ಮ ಮಗನ ವಯಸ್ಸಿನವರಲ್ಲಿ ಅತಿ ಸಾಮಾನ್ಯವಾದ 'ಮಿನಿಮಲ್ ಚೇಂಜ್' ಎಂಬ ಬಗೆಯಲ್ಲಿ ಈ ಪಾದಗಳು ಚಪ್ಪಟೆಯಾಗಿ ಒಂದಕ್ಕೊಂದು ಅಂಟಿದಂತಾಗುತ್ತವೆ. ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ಗ್ಲಾಮೆರುಲಸ್ ನೆಟ್ಟಗೇ ಇದ್ದಂತೆ ತೋರುತ್ತದೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಮಾತ್ರ ದೋಷ ಕಾಣುತ್ತದೆ. ಆ ಹೆಸರು ಬಂದದ್ದೇ ಅದರಿಂದ.

ಕ್ರಿಯಾಟಿನಿನ್ ಏಕೆ ಸರಿಯಾಗಿದೆ ಎಂಬುದಕ್ಕೂ ಉತ್ತರ ಇಲ್ಲಿಯೇ ಇದೆ. ಜರಡಿಯಲ್ಲಿ ಧೂಳು ಇಳಿಯಬೇಕು, ಕಾಳು ಉಳಿಯಬೇಕು. ಈಗ ಧೂಳು ಎಂದಿನಂತೆ ಇಳಿಯುತ್ತಿದೆ, ಅದರ ಜೊತೆಗೆ ಕಾಳೂ ಜಾರಿಹೋಗುತ್ತಿದೆ. ಕ್ರಿಯಾಟಿನಿನ್ ಅಳೆಯುವುದು ಧೂಳನ್ನು. ಆಲ್ಬುಮಿನ್ ಸೋರಿ ರಕ್ತದಲ್ಲಿ ಅದು ತಗ್ಗಿದಾಗ, ಮತ್ತು ಮೂತ್ರಪಿಂಡವು ಉಪ್ಪನ್ನು ಹಿಡಿದಿಟ್ಟುಕೊಂಡಾಗ, ನೀರು ರಕ್ತನಾಳದಿಂದ ಹೊರಬಂದು ಬೆಳಗ್ಗೆ ಕಣ್ಣಿನ ಸುತ್ತ, ಸಂಜೆ ಕಾಲಿನಲ್ಲಿ ತುಂಬಿಕೊಳ್ಳುತ್ತದೆ. ಕಣ್ಣು ಊದಿದ್ದನ್ನು ಅಲರ್ಜಿಯೆಂದು ತಿಳಿದು ನಾವು ಎರಡು ವಾರ ಅಲರ್ಜಿ ಮಾತ್ರೆಯನ್ನೇ ಕೊಟ್ಟಿದ್ದೆವು, ಅದೂ ವೈದ್ಯರೊಬ್ಬರ ಚೀಟಿಯ ಮೇಲೆಯೇ. ಒಂದು ಮೂತ್ರ ಪರೀಕ್ಷೆ ಮಾಡಿಸಿದ್ದರೆ ಅಂದೇ ಗೊತ್ತಾಗುತ್ತಿತ್ತು ಎಂಬ ಕೊರಗು ನನಗೆ ಇಂದಿಗೂ ಇದೆ.

ಕಿಡ್ನಿ ಎಂದು ಕೇಳಿದೊಡನೆ ನೆಂಟರು ಬಾಳೆದಿಂಡಿನ ರಸವನ್ನೂ ಬಾರ್ಲಿ ನೀರನ್ನೂ ಹೇಳಲು ಶುರುಮಾಡುತ್ತಾರೆ. ಅದು ಕಲ್ಲಿನ ಕಾಯಿಲೆಗೆ ಹೇಳುವ ಮನೆಮದ್ದು. ಇಲ್ಲಿ ಅದರಿಂದ ಏನೂ ಆಗದು. ಸೋರಿಹೋದ ಪ್ರೋಟೀನನ್ನು ತುಂಬಿಸಲೆಂದು ಮೊಟ್ಟೆ, ಪ್ರೋಟೀನ್ ಪುಡಿಗಳನ್ನು ತುರುಕುವುದೂ ಬೇಡ, ವಯಸ್ಸಿಗೆ ತಕ್ಕ ಊಟ ಸಾಕು. ಊತ ಇರುವವರೆಗೆ ಉಪ್ಪಿನಕಾಯಿ, ಹಪ್ಪಳ, ಚಿಪ್ಸ್ ಮತ್ತು ಬೇಕರಿ ತಿಂಡಿಗಳನ್ನು ದೂರವಿಡುವುದು ಮಾತ್ರ ನಿಜವಾಗಿಯೂ ಉಪಯೋಗಕ್ಕೆ ಬರುತ್ತದೆ.

ಸ್ಟೀರಾಯ್ಡ್ ವಿಷಯದಲ್ಲಿ ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ನಮ್ಮ ದೇಶದಲ್ಲಿ ಮೊದಲ ಸಲಕ್ಕೆ ಸಾಮಾನ್ಯವಾಗಿ ಪ್ರೆಡ್ನಿಸೊಲೋನ್ ಅನ್ನು ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 2 ಮಿಲಿಗ್ರಾಂನಂತೆ, 60 ಮಿಲಿಗ್ರಾಂ ಮೀರದಂತೆ, 6 ವಾರ ಕೊಟ್ಟು, ಆಮೇಲೆ ಪ್ರತಿ ಕಿಲೋ ತೂಕಕ್ಕೆ 1.5 ಮಿಲಿಗ್ರಾಂನಂತೆ ದಿನ ಬಿಟ್ಟು ದಿನ ಇನ್ನೂ 6 ವಾರ ಕೊಡುತ್ತಾರೆ. ನಿಮಗೆ ಹೇಳಿರುವ ಮೂರು ತಿಂಗಳು ಇದೇ ಇರಬೇಕು. ಕೆನ್ನೆ ದುಂಡಗಾಗುತ್ತದೆ, ಹಸಿವು ವಿಪರೀತವಾಗುತ್ತದೆ, ಮಗು ಹಠಮಾರಿಯಾಗುತ್ತದೆ. ಬಹುಕಾಲ ಕೊಟ್ಟರೆ ಎತ್ತರ, ಕಣ್ಣು, ರಕ್ತದೊತ್ತಡಗಳ ಮೇಲೂ ನಿಗಾ ಬೇಕು. ಆದರೂ ಈ ಔಷಧವನ್ನು ನಡುವೆ ತಟ್ಟನೆ ನಿಲ್ಲಿಸಬಾರದು, ಏಕೆಂದರೆ ಅಷ್ಟರಲ್ಲಿ ದೇಹ ತನ್ನದೇ ಸ್ಟೀರಾಯ್ಡ್ ತಯಾರಿಸುವುದನ್ನು ಕಡಿಮೆ ಮಾಡಿರುತ್ತದೆ. ಸ್ಟೀರಾಯ್ಡ್ ಮತ್ತು ಆ್ಯಂಟಿಬಯಾಟಿಕ್ ಬರುವ ಮೊದಲು ಈ ಮಕ್ಕಳಲ್ಲಿ ಬಹಳಷ್ಟು ಮಂದಿ ಸೋಂಕಿನಿಂದಲೇ ಸಾಯುತ್ತಿದ್ದರು ಎಂಬುದನ್ನೂ ಎದುರಿಗಿಟ್ಟುಕೊಂಡು ಈ ಅಡ್ಡಪರಿಣಾಮಗಳನ್ನು ತೂಗಬೇಕು.

ಕಿಡ್ನಿಯ ಭವಿಷ್ಯವನ್ನು ಹೇಳುವುದು ರೋಗದ ಹೆಸರಲ್ಲ, ಈ ಔಷಧಕ್ಕೆ ಮೂತ್ರ ಹೇಗೆ ಸ್ಪಂದಿಸುತ್ತದೆ ಎಂಬುದು. ನೂರರಲ್ಲಿ ಸುಮಾರು 85ರಿಂದ 90 ಮಕ್ಕಳಲ್ಲಿ ಪ್ರೋಟೀನ್ ಪೂರ್ತಿ ನಿಲ್ಲುತ್ತದೆ, ಬಹುತೇಕರಲ್ಲಿ ನಾಲ್ಕು ವಾರದೊಳಗೆ. ನನ್ನ ಮಗಳಲ್ಲಿ ಹನ್ನೊಂದನೆಯ ದಿನ ನಿಂತಿತು. ಹೀಗೆ ಸ್ಪಂದಿಸುವವರಲ್ಲಿ ಮುಂದೆ ಕಿಡ್ನಿ ವೈಫಲ್ಯ ಬಹಳ ಅಪರೂಪ. ಆರು ವಾರ ಕಳೆದರೂ ನಿಲ್ಲದಿದ್ದರೆ ಮಾತ್ರ ಬಯಾಪ್ಸಿ, ಅಗತ್ಯವಿದ್ದಲ್ಲಿ ಜೀನ್ ಪರೀಕ್ಷೆ, ಬೇರೆ ಔಷಧಗಳ ಮಾತು ಬರುತ್ತದೆ. ಡಯಾಲಿಸಿಸ್ ತನಕ ಹೋಗುವ ಅಪಾಯ ಹೆಚ್ಚಿರುವುದು ಆ ಸಣ್ಣ ಗುಂಪಿನಲ್ಲಿ. ಮೂತ್ರ ಕೋಲಾ ಅಥವಾ ಕಪ್ಪು ಚಹಾದ ಬಣ್ಣಕ್ಕೆ ತಿರುಗಿ ರಕ್ತದೊತ್ತಡ ಏರಿದ್ದರೆ ಅದು ಬೇರೆಯದೇ ಗ್ಲಾಮೆರುಲಸ್ ರೋಗವಿರಬಹುದು. ಉದಾಹರಣೆಗೆ, ಗಂಟಲು ನೋವು ಬಂದುಹೋದ ಒಂದರಿಂದ ಮೂರು ವಾರಕ್ಕೆ ಕಾಣಿಸಿಕೊಳ್ಳುವ ನೆಫ್ರೈಟಿಸ್, ಅಂದರೆ ಮೂತ್ರಪಿಂಡದ ಉರಿಯೂತ. ನೀವು ಬರೆದ ಲಕ್ಷಣಗಳಲ್ಲಿ ಅದು ಇಲ್ಲ.

ಆದರೆ ರೋಗ ಒಮ್ಮೆ ಬಂದು ಹೋಗಿಬಿಡುತ್ತದೆ ಎಂದು ನಂಬಬೇಡಿ. ಬಹುಪಾಲು ಮಕ್ಕಳಲ್ಲಿ ಇದು ಮರುಕಳಿಸುತ್ತದೆ, ಹೆಚ್ಚಾಗಿ ಒಂದು ಸಣ್ಣ ನೆಗಡಿಯ ಬೆನ್ನಿಗೆ. ನಮ್ಮ ಮನೆಯಲ್ಲಿ ಅದು ಆರು ಸಲ ಮರುಕಳಿಸಿದೆ. ಅವುಗಳಲ್ಲಿ ಐದನ್ನು ಊತ ಬರುವ ಮೊದಲೇ ಹಿಡಿದೆವು, ಅದು ಒಂದು ನೋಟ್‌ಬುಕ್ಕಿನಿಂದ. ದಿನವೂ ಬೆಳಗಿನ ಮೊದಲ ಮೂತ್ರಕ್ಕೆ ಔಷಧದಂಗಡಿಯ ಸ್ಟ್ರಿಪ್ ಅದ್ದಿ, ಡಬ್ಬಿಯ ಮೇಲೆ ಬರೆದಷ್ಟು ಸೆಕೆಂಡು ಕಾದು, ಹಳದಿ ಎಷ್ಟು ಹಸಿರಾಯಿತೆಂದು ಡಬ್ಬಿಯ ಬಣ್ಣಗಳೊಂದಿಗೆ ಹೊಂದಿಸಿ ನೋಡಿ ಅದರಲ್ಲಿ ಬರೆದಿಡಬೇಕು; ಹಸಿರು ಹೆಚ್ಚಿದಷ್ಟೂ ಅದು 1+, 2+, 3+ ಎಂದು ಏರುತ್ತದೆ. ಸ್ಟ್ರಿಪ್ ದುಬಾರಿಯೆನಿಸಿದಾಗ ನಾವು ಹಳೆಯ ಪದ್ಧತಿಗೆ ಹೋಗುತ್ತಿದ್ದೆವು: ಪ್ರನಾಳದಲ್ಲಿ ಮೂತ್ರ ತುಂಬಿ ಮೇಲುಭಾಗವನ್ನು ಕಾಯಿಸುವುದು, ಬೆಳ್ಳಗಾದರೆ ಕೆಲವು ಹನಿ ವಿನೆಗರ್ ಹಾಕುವುದು, ಆಗಲೂ ಬಿಳುಪು ಉಳಿದರೆ ಅದು ಪ್ರೋಟೀನ್. ಲಂಡನ್ನಿನ ಗೈಸ್ ಆಸ್ಪತ್ರೆಯ ರಿಚರ್ಡ್ ಬ್ರೈಟ್ 1827ರಲ್ಲಿ ಊತಕ್ಕೂ ಮೂತ್ರಪಿಂಡಕ್ಕೂ ಇರುವ ನಂಟನ್ನು ವಿವರಿಸಿದಾಗಲೂ ಹೀಗೆ ಮೂತ್ರವನ್ನು ಕಾಯಿಸಿಯೇ ನೋಡಿದ್ದು. ಸತತ ಮೂರು ದಿನ 3+ ಅಥವಾ ಹೆಚ್ಚು ಬಂದರೆ ರೋಗ ಮರುಕಳಿಸಿದೆ ಎಂದರ್ಥ; ಸತತ ಮೂರು ದಿನ ಇಲ್ಲವೇ ಇಲ್ಲ ಅಥವಾ ಬರೀ ಸುಳಿವು ಎಂದಾದರೆ ತಹಬಂದಿಗೆ ಬಂದಿದೆ ಎಂದರ್ಥ. ಒಂದೇ ದಿನದ 2+ ನೋಡಿ ರಾತ್ರಿಯಿಡೀ ನಿದ್ದೆಗೆಟ್ಟ ತಪ್ಪನ್ನು ನಾವು ಮಾಡಿದ್ದೇವೆ, ನೀವು ಮಾಡಬೇಡಿ. ಮೇಲಿಂದ ಮೇಲೆ ಮರುಕಳಿಸಿದರೆ ಸ್ಟೀರಾಯ್ಡ್ ಕಡಿಮೆ ಮಾಡಲು ಲೆವಮಿಸೋಲ್, ಮೈಕೋಫಿನೊಲೇಟ್, ಟ್ಯಾಕ್ರೊಲಿಮಸ್, ರಿಟುಕ್ಸಿಮಾಬ್ ಮೊದಲಾದವುಗಳಿವೆ.

ಒಂದು ವಿಷಯದಲ್ಲಿ ಮಾತ್ರ ನೋಟ್‌ಬುಕ್ ನೋಡುತ್ತ ಕೂರಬಾರದು. ಸೋರುವ ಪ್ರೋಟೀನಿನೊಂದಿಗೆ ಸೋಂಕು ತಡೆಯುವ ಪ್ರತಿಕಾಯಗಳೂ ಹೊರಟುಹೋಗುತ್ತವೆ, ರಕ್ತ ಹೆಪ್ಪುಗಟ್ಟುವ ಅಪಾಯವೂ ಏರುತ್ತದೆ. ಆದ್ದರಿಂದ ಊತವಿರುವಾಗ ಜ್ವರ, ಹೊಟ್ಟೆನೋವು, ಉಸಿರಾಟದ ತೊಂದರೆ, ಒಂದು ಕಾಲು ಮಾತ್ರ ಊದಿ ನೋಯುವುದು, ಮೂತ್ರ ತೀರಾ ಕಡಿಮೆಯಾಗುವುದು, ಇವುಗಳಲ್ಲಿ ಯಾವುದು ಕಂಡರೂ ಅದೇ ಹೊತ್ತಿಗೆ ಆಸ್ಪತ್ರೆಗೆ ಕರೆದೊಯ್ಯಿರಿ. ಹೆಚ್ಚು ಪ್ರಮಾಣದ ಸ್ಟೀರಾಯ್ಡ್ ನಡೆಯುತ್ತಿರುವಾಗ ಜೀವಂತ ವೈರಾಣುವಿನ ಲಸಿಕೆಗಳನ್ನು ಮುಂದೂಡುತ್ತಾರೆ, ಆದರೆ ನ್ಯುಮೋಕಾಕಸ್ ಲಸಿಕೆಯನ್ನು ಕೇಳಿ ಹಾಕಿಸಿಕೊಳ್ಳಿ. ಅಂಗನವಾಡಿಯಲ್ಲೋ ಶಾಲೆಯಲ್ಲೋ ಪಕ್ಕದ ಮಗುವಿಗೆ ಸಿಡುಬಿನಂತಹ ನೀರುಗುಳ್ಳೆ, ಅಂದರೆ ಚಿಕನ್‌ಪಾಕ್ಸ್, ಎದ್ದಿದೆಯೆಂದು ತಿಳಿದರೆ ನಿಮ್ಮ ಮಗನಿಗೆ ಗುಳ್ಳೆ ಏಳುವವರೆಗೆ ಕಾಯದೆ ಅಂದೇ ವೈದ್ಯರಿಗೆ ಫೋನ್ ಮಾಡಿ.